ಲ್ಯಾಪ್‌ಟಾಪ್ ಕೀಬೋರ್ಡ್ ರಿಪೇರಿಗೆ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ

ಸಾವಿರದ ಇನ್ನೂರು ರೂಪಾಯಿಗೆ ಮುಗಿಯುತ್ತದೆ ಅಂದಿದ್ದ ಕೆಲಸಕ್ಕೆ ನನ್ನ ಕೈಯಿಂದ ಹೋಗಿದ್ದು 9,650 ರೂಪಾಯಿ. ಜೊತೆಗೆ ಹತ್ತು ಹನ್ನೆರಡು ದಿನದ ಕೆಲಸ. ಅಂಗಡಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ಹೆಸರು ತಿಳಿದರೂ ನಿಮಗೆ ದೊಡ್ಡ ಉಪಯೋಗವಿಲ್ಲ, ನಡೆದ ರೀತಿ ತಿಳಿದರೆ ಉಪಯೋಗವಿದೆ. ಇದೇ ರೀತಿ ಮೋಸ ಹೋದ ಇನ್ನಿಬ್ಬರು ನನ್ನ ಪರಿಚಯದಲ್ಲೇ ಸಿಕ್ಕಿದ್ದಾರೆ.

ನಾನು ಬೆಂಗಳೂರಿನ ಹನುಮಂತನಗರದಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡುವವಳು. ಪ್ರಕಾಶಕರ ಪುಸ್ತಕ, ವಿದ್ಯಾರ್ಥಿಗಳ ಪ್ರಬಂಧ, ಮದುವೆ ಪತ್ರಿಕೆ, ಬಂದದ್ದೆಲ್ಲ ಟೈಪ್ ಮಾಡುತ್ತೇನೆ. ಒಂದು ಭಾನುವಾರ ರಾತ್ರಿ 240 ಪುಟದ ಪುಸ್ತಕದ ಕರಡು ತಿದ್ದುತ್ತಿದ್ದಾಗ ಲೋಟ ಪಕ್ಕಕ್ಕೆ ವಾಲಿತು. ಚೆಲ್ಲಿದ್ದು ಎರಡು ಗುಟುಕು ಕಾಫಿ ಅಷ್ಟೇ. ಬಟ್ಟೆಯಿಂದ ಒರೆಸಿ, ಫೈಲ್ ಸೇವ್ ಮಾಡಿ, ನಿಧಾನವಾಗಿ ಶಟ್‌ಡೌನ್ ಮಾಡಿದೆ. ಬೆಳಿಗ್ಗೆ ಎದ್ದು ಆನ್ ಮಾಡಿದರೆ ನಾಲ್ಕು ಕೀ ಸತ್ತಿದ್ದವು: 4, ಆರ್, ಎಫ್, ವಿ.

‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. ನಮಗೆ ಒತ್ತಕ್ಷರ ಕೊಡುವುದು ಎಫ್. ಅದು ಬೀಳದಿದ್ದರೆ ‘ಅಮ್ಮ’ ಹೋಗಿ ‘ಅಮಮ’ ಆಗುತ್ತದೆ, ‘ಕನ್ನಡ’ ಹೋಗಿ ‘ಕನನಡ’ ಆಗುತ್ತದೆ. ಆರ್ ಇಲ್ಲದೆ ರಕಾರ ಇಲ್ಲ, ವಿ ಇಲ್ಲದೆ ವಕಾರ ಇಲ್ಲ. ಇಂಗ್ಲಿಷ್ ಟೈಪ್ ಮಾಡುವವರು ನಾಲ್ಕು ಕೀ ಹೋದರೂ ಒಂದೆರಡು ದಿನ ಹೇಗೋ ತಳ್ಳಬಹುದೇನೋ, ನನಗೆ ಒಂದು ಸಾಲು ಮುಂದೆ ಹೋಗಲಿಲ್ಲ. ಆ ಆತಂಕದಲ್ಲೇ ಮೊದಲು ಕಂಡ ಅಂಗಡಿಗೆ ಓಡಿದೆ. ಅಲ್ಲಿಂದಲೇ ತಪ್ಪು ಶುರುವಾಯಿತು.

ಅಂಗಡಿಯ ಹುಡುಗ ಲ್ಯಾಪ್‌ಟಾಪ್ ತಿರುಗಿಸಿಯೂ ನೋಡಲಿಲ್ಲ. “ಕೀಬೋರ್ಡ್ ಅಲ್ವಾ ಅಕ್ಕಾ, ಸಾವಿರದ ಇನ್ನೂರು ಆಗುತ್ತೆ, ಸಂಜೆ ಬನ್ನಿ” ಅಂದ. ಪಾಸ್‌ವರ್ಡ್ ಕೇಳಿದ, ಹೇಳಿದೆ. ಅದನ್ನು ಒಂದು ಅಂಟುಪಟ್ಟಿಯ ಮೇಲೆ ಬರೆದು ಲ್ಯಾಪ್‌ಟಾಪಿನ ಮುಚ್ಚಳಕ್ಕೇ ಅಂಟಿಸಿದ. ರಸೀತಿ ಕೇಳಿದ್ದಕ್ಕೆ ವಿಸಿಟಿಂಗ್ ಕಾರ್ಡಿನ ಹಿಂದೆ ನನ್ನ ಫೋನ್ ನಂಬರ್ ಬರೆದು, ಅದನ್ನೂ ತಾನೇ ಇಟ್ಟುಕೊಂಡ.

ಸಂಜೆ ಹೋದಾಗ ನನ್ನ ಲ್ಯಾಪ್‌ಟಾಪ್ ಮೇಜಿನ ಮೇಲೆ ತುಂಡು ತುಂಡಾಗಿ ಹರಡಿತ್ತು. ಫ್ಯಾನ್ ಒಂದು ಕಡೆ, ಬ್ಯಾಟರಿ ಒಂದು ಕಡೆ, ಸ್ಕ್ರೂಗಳೆಲ್ಲ ಒಂದು ಟೀ ಕಪ್ಪಿನಲ್ಲಿ. ಈಗ ಮಾತಾಡಿದ್ದು ಮಾಲೀಕ. “ಮೇಡಂ, ನಿಮ್ಮದು ರಿವೆಟ್ ಮಾಡೆಲ್ಲು. ಕೀಬೋರ್ಡ್ ಒಂದೇ ಬರಲ್ಲ, ಸಿ ಪ್ಯಾನೆಲ್ ಸಮೇತ ಹಾಕಬೇಕು. 4,800 ಆಗುತ್ತೆ. ಲೇಬರ್ ಬೇರೆ.” ಬೇಡ, ಹಾಗೇ ಜೋಡಿಸಿ ಕೊಡಿ ಅಂದೆ. “ಜೋಡಿಸೋದಕ್ಕೆ ಎಂಟುನೂರು. ಆನ್ ಆಗುತ್ತೆ ಅಂತ ಗ್ಯಾರಂಟಿ ಕೊಡಲ್ಲ” ಅಂದರು. ಆ ತುಂಡುಗಳ ಮುಂದೆ ನಿಂತುಕೊಂಡು ಯಾರಿಗಾದರೂ ಬೇರೆ ದಾರಿ ಎಲ್ಲಿರುತ್ತದೆ? ಒಪ್ಪಿಕೊಂಡೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಮೋಸ ನಡೆಯುವ ಜಾಗ ಇದೇ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡ್ ಮೇಲಿನಿಂದ ಕೂರುತ್ತಿತ್ತು. ಕೆಳಗಡೆ ಎರಡು ಮೂರು ಸ್ಕ್ರೂ, ಅಂಚಿನಲ್ಲಿ ನಾಲ್ಕು ಕೊಕ್ಕೆ, ಒಂದು ರಿಬ್ಬನ್ ಕೇಬಲ್. ಕೈ ಪಳಗಿದವರಿಗೆ ಹತ್ತು ನಿಮಿಷದ ಕೆಲಸ. ಲ್ಯಾಪ್‌ಟಾಪ್ ತೆಳ್ಳಗಾದಂತೆ ಕೀಬೋರ್ಡು ಅಂಗೈ ಊರುವ ಹಲಗೆಯ ಅಡಿಗೆ ಹೋಯಿತು. ರಿಪೇರಿಯವರು ಆ ಹಲಗೆಗೇ ಸಿ ಪ್ಯಾನೆಲ್ ಅನ್ನುವುದು. ಪರದೆಯ ಹಿಂಬದಿ ಎ, ಪರದೆಯ ಚೌಕಟ್ಟು ಬಿ, ತಳ ಡಿ. ಈ ಸಿ ಪ್ಯಾನೆಲ್ಲಿನ ಒಳಮೈಯಲ್ಲಿ ಸಾಸಿವೆ ಗಾತ್ರದ ಪ್ಲಾಸ್ಟಿಕ್ ಮೊಳೆಗಳು ಹತ್ತಾರು ಇರುತ್ತವೆ, ಮಾಲೀಕ ರಿವೆಟ್ ಅಂದದ್ದು ಇವಕ್ಕೇ. ಕಾರ್ಖಾನೆಯಲ್ಲಿ ಕೀಬೋರ್ಡನ್ನು ಅವುಗಳ ಮೇಲೆ ಕೂರಿಸಿ, ಮೊಳೆಯ ತಲೆಯನ್ನು ಬಿಸಿಯಿಂದ ಕರಗಿಸಿ ಚಪ್ಪಟೆ ಮಾಡಿಬಿಡುತ್ತಾರೆ. ಅದನ್ನು ತಲುಪಬೇಕಾದರೆ ತಳದ ಮುಚ್ಚಳ, ಬ್ಯಾಟರಿ, ಫ್ಯಾನ್, ಮದರ್‌ಬೋರ್ಡ್ ಎಲ್ಲವೂ ಹೊರಗೆ ಬರಬೇಕು. ಹಾಗಾಗಿ ಮಾಲೀಕ ಹೇಳಿದ್ದು ಸುಳ್ಳಲ್ಲ. ಬಿಚ್ಚುವ ಮುಂಚೆ ಹೇಳಬೇಕಾದದ್ದನ್ನು ಬಿಚ್ಚಿದ ಮೇಲೆ ಹೇಳಿದರು, ನನ್ನ ಮೊದಲ ದೂರು ಅದು. ಮಾಡೆಲ್ ನಂಬರ್ ತಳದಲ್ಲೇ ಅಚ್ಚಾಗಿರುತ್ತದೆ. ಅದನ್ನು ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಎರಡನೆಯ ದೂರು ಇದಕ್ಕಿಂತ ದೊಡ್ಡದು. ನಾಲ್ಕು ದಿನ ಬಿಟ್ಟು ಕರೆದರು. 4,800 ಪ್ಯಾನೆಲ್ಲಿಗೆ, 650 ಲೇಬರ್, ಒಟ್ಟು 5,450 ಯುಪಿಐ ಮಾಡಿದೆ. ಕೀಗಳೆಲ್ಲ ಹೊಳೆಯುತ್ತಿದ್ದವು, ಅಲ್ಲೇ ಎರಡು ಸಾಲು ಟೈಪ್ ಮಾಡಿ ನೋಡಿದೆ, ಸರಿ ಇತ್ತು. ಮನೆಗೆ ಬಂದು ದೀಪದ ಕೆಳಗೆ ತೆರೆದಾಗ ಟಚ್‌ಪ್ಯಾಡಿನ ಬಲಕ್ಕೆ ಒಂದು ಮಾಸಲು ಗುರುತು ಕಂಡಿತು. ಮೂರು ವರ್ಷದ ಹಿಂದೆ ನನ್ನ ಮಗಳು ಅಲ್ಲಿ ನವಿಲಿನ ಸ್ಟಿಕ್ಕರ್ ಅಂಟಿಸಿದ್ದಳು, ಕಿತ್ತಾಗ ಅದರ ಕಾಲಿನ ಭಾಗ ಹಾಗೇ ಉಳಿದಿತ್ತು. ಹೊಸ ಪ್ಯಾನೆಲ್ಲಿಗೆ ದುಡ್ಡು ಕೊಟ್ಟಿದ್ದೇನೆ, ನವಿಲಿನ ಕಾಲು ಅಲ್ಲೇ ಇದೆ! ಹಳೆಯ ಹಲಗೆಗೇ ಬಿಡಿ ಕೀಬೋರ್ಡ್ ಕೂರಿಸಿ, ಪ್ಯಾನೆಲ್ ಸಮೇತದ ದುಡ್ಡು ತೆಗೆದುಕೊಂಡಿದ್ದರು.

ಕೂರಿಸಿದ ರೀತಿಯಾದರೂ ಸರಿ ಇತ್ತೇ ಎಂದರೆ ಅದೂ ಇಲ್ಲ. ಜಿ, ಎಚ್ ಕೀ ಒತ್ತಿದಾಗ ಇಡೀ ಹಲಗೆ ತಗ್ಗಿ ಏಳುತ್ತಿತ್ತು, ಹಳೆ ಟ್ರಂಕಿನ ಮುಚ್ಚಳ ಅದುಮಿದ ಹಾಗೆ. ಕೀಗಳ ಹಿಂದಿನ ಬೆಳಕು ಬರುತ್ತಿರಲಿಲ್ಲ. ತಳದಲ್ಲಿ ಎರಡು ಸ್ಕ್ರೂ ಇರಲಿಲ್ಲ. ಎಂಟರ್ ಕೀ ಮೊದಲಿನ ಅಡ್ಡ ಪಟ್ಟಿಯಂತಿರದೆ ಎರಡು ಸಾಲಿನಷ್ಟು ಎತ್ತರವಾಗಿತ್ತು, ಅದರ ಪಕ್ಕಕ್ಕೇ ಇನ್ನೊಂದು ಕೀ ನುಸುಳಿತ್ತು. ಬ್ರಿಟನ್ ಮಾದರಿಯ ಕೀಬೋರ್ಡ್ ಅದು. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪುಗಳಿಗೆ ಸಾಮಾನ್ಯವಾಗಿ ಅಮೆರಿಕನ್ ಮಾದರಿ ಇರುತ್ತದೆ. ಹದಿನೈದು ವರ್ಷ ಬೆರಳಿಗೆ ಅಭ್ಯಾಸವಾದ ಜಾಗದಲ್ಲಿ ಎಂಟರ್ ಇಲ್ಲದಿದ್ದರೆ ಪ್ರತಿ ಪ್ಯಾರಾ ಕೊನೆಗೂ ಕೈ ತಡವರಿಸುತ್ತದೆ.

ಮಾರನೇ ದಿನ ಹೋಗಿ ಕೇಳಿದೆ. ಪ್ಯಾನೆಲ್ ಬಗ್ಗೆ ಕೇಳಿದ್ದಕ್ಕೆ “ಪ್ಯಾನೆಲ್ಲಿಂದು ಒಳಗಿನ ಭಾಗ ಚೇಂಜ್ ಮಾಡಿದೀವಿ ಮೇಡಂ” ಅಂದರು. ಹಳೆಯ ಕೀಬೋರ್ಡ್ ಕೊಡಿ ಅಂದರೆ ಕಸಕ್ಕೆ ಹೋಯಿತು. ಬಿಲ್ ಕೊಡಿ ಅಂದರೆ “ಬಿಲ್ ಬೇಕಾದರೆ ಹದಿನೆಂಟು ಪರ್ಸೆಂಟ್ ಸೇರುತ್ತೆ”. ಮೂರು ವಾರ ಕಳೆದಿತ್ತಷ್ಟೇ, ಎಫ್ ಮತ್ತೆ ನಿಂತಿತು. ಆಗ ಬಂದ ಉತ್ತರ: “ಕೀಬೋರ್ಡಿಗೆಲ್ಲ ವಾರಂಟಿ ಇರಲ್ಲ.”

ಈ ಸಲ ಅವಸರ ಮಾಡಲಿಲ್ಲ. ಮೊದಲು 450 ರೂಪಾಯಿಯ ಒಂದು ಯುಎಸ್‌ಬಿ ಕೀಬೋರ್ಡ್ ತಂದು ಸಿಕ್ಕಿಸಿದೆ. ಕೆಲಸ ನಡೆಯತೊಡಗಿತು. ಇದನ್ನು ಮೊದಲನೇ ದಿನವೇ ಮಾಡಿದ್ದರೆ ಆ ಮೇಜಿನ ಮುಂದೆ ಅಸಹಾಯಕಳಾಗಿ ನಿಲ್ಲುವ ಗತಿ ಬರುತ್ತಿರಲಿಲ್ಲ. ಅದೂ ಕೈಗೆ ಸಿಗದಿದ್ದರೆ ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ, ಪರದೆಯ ಮೇಲೆಯೇ ಕೀಬೋರ್ಡ್ ಬರುತ್ತದೆ. ಹೊರಗಿನ ಕೀಬೋರ್ಡಿನಲ್ಲಿ ಎಲ್ಲ ಅಕ್ಷರ ಸರಿಯಾಗಿ ಬಿದ್ದು ಒಳಗಿನದರಲ್ಲಿ ಕೆಲವು ಮಾತ್ರ ಬೀಳದಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಕೀಬೋರ್ಡನ್ನು. ಮದರ್‌ಬೋರ್ಡ್ ಹೋಗಿದೆ ಎಂದು ಯಾರಾದರೂ ಹೆದರಿಸಿದರೆ ಕಾರಣ ಕೇಳಿ.

ಆಮೇಲೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋದೆ. ಅವರ ಅಂದಾಜು ಪಟ್ಟಿ ಬರಹದಲ್ಲೇ ಬಂತು: ಪ್ಯಾನೆಲ್ ಸಮೇತ ಕೀಬೋರ್ಡ್ ಮತ್ತು ಲೇಬರ್ ಸೇರಿ 10,000, ಜಿಎಸ್‌ಟಿ 1,800, ಒಟ್ಟು 11,800. ಮಾಮೂಲಿ ವಾರಂಟಿಯಲ್ಲಿ ನೀರು, ಕಾಫಿ ಬಿದ್ದದ್ದು ಬರುವುದಿಲ್ಲ. ಅದಕ್ಕೆ ಆಕಸ್ಮಿಕ ಹಾನಿಯ ರಕ್ಷಣೆಯನ್ನು ಬೇರೆಯಾಗಿ ತೆಗೆದುಕೊಂಡಿರಬೇಕು, ನಾನು ತೆಗೆದುಕೊಂಡಿರಲಿಲ್ಲ. ಐದು ವರ್ಷದ ಲ್ಯಾಪ್‌ಟಾಪಿಗೆ ಅಷ್ಟು ಹಾಕಲು ಮನಸ್ಸಾಗಲಿಲ್ಲ.

ಕೊನೆಗೆ ಪರಿಚಯದ ಪ್ರೆಸ್ಸಿನವರೊಬ್ಬರು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿರುವ ಎಸ್.ಪಿ. ರಸ್ತೆಯ ಒಂದು ಓಣಿಯಲ್ಲಿ ಕೂರುವ ಹಿರಿಯರೊಬ್ಬರನ್ನು ಹೇಳಿದರು. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆದುಕೊಂಡೇ ಹೋದೆ. ಅವರು ಮೊದಲು ಮಾಡಿದ್ದು ಲ್ಯಾಪ್‌ಟಾಪ್ ತಿರುಗಿಸಿ ಮಾಡೆಲ್ ನಂಬರ್ ಓದಿದ್ದು. “ಇದು ಪ್ಯಾನೆಲ್ ಸಮೇತ ಹಾಕಬೇಕಮ್ಮಾ, 3,400. ಲೇಬರ್ ಎಂಟುನೂರು. ಬಿಲ್ಲು ಕೊಡ್ತೀನಿ, ಮೂರು ತಿಂಗಳು ನನ್ನ ಜವಾಬ್ದಾರಿ. ಬೇಡ ಅಂದ್ರೆ ಈಗಲೇ ಹೇಳಿಬಿಡಿ, ಬಿಚ್ಚಿದ ಮೇಲೆ ಹೇಳಬೇಡಿ” ಅಂದರು. ಇದೇ ಮಾತನ್ನು ಮೊದಲನೆಯವರು ಹೇಳಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ.

ಅವರು ನನ್ನ ಎದುರಿಗೇ ಬಿಚ್ಚಿದರು. ಕರಗಿಸಬೇಕಾದ ಮೊಳೆಗಳನ್ನು ಮೊದಲನೇ ಅಂಗಡಿಯವರು ಕಿತ್ತುಹಾಕಿ, ಕೀಬೋರ್ಡಿನ ಬೆನ್ನಿಗೆ ಅಲ್ಲಲ್ಲಿ ಅಂಟು ಸುರಿದಿದ್ದರು. ಮಧ್ಯದಲ್ಲಿ ಅಂಟು ಬಿಟ್ಟುಕೊಂಡಿತ್ತು, ಹಲಗೆ ಕುಣಿಯುತ್ತಿದ್ದುದು ಅದಕ್ಕೇ. ಬೆಳಕಿನ ರಿಬ್ಬನ್ನು ಎಲ್ಲಿಗೂ ಸಿಕ್ಕಿಸಿರಲಿಲ್ಲ, ಮಡಚಿ ಟೇಪ್ ಹಾಕಿ ಬಿಟ್ಟಿದ್ದರು. ಕೀಬೋರ್ಡಿನೊಳಗೆ ಮೂರು ಪದರದ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದರ ಮೇಲೆ ವಿದ್ಯುತ್ ಹರಿಯುವ ಸಣ್ಣ ಗೆರೆಗಳು. ಒಂದು ಗೆರೆಗೆ ಹಲವು ಕೀಗಳು ಜೋತುಬಿದ್ದಿರುತ್ತವೆ. ನನ್ನ 4, ಆರ್, ಎಫ್, ವಿ ಒಟ್ಟಿಗೆ ಹೋಗಿದ್ದು ಯಾಕೆಂದು ಅವರು ಅಂಥದೊಂದು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಅರ್ಥವಾಯಿತು. ಹಾಲು, ಸಕ್ಕರೆ ಇದ್ದ ಕಾಫಿ ಈ ಪದರಗಳ ನಡುವೆ ಒಣಗಿದರೆ ಮೇಲಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲವಂತೆ.

ಏನಾದರೂ ಚೆಲ್ಲಿದಾಗ ಮಾಡಬೇಕಾದದ್ದನ್ನೂ ಅವರೇ ಹೇಳಿದರು. ಫೈಲು ಸೇವ್ ಮಾಡುತ್ತಾ ಕೂರಬಾರದು. ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆರಿಸಿಬಿಡಬೇಕು. ತೆರೆದ ಪುಸ್ತಕ ಬೋರಲು ಹಾಕುವ ಹಾಗೆ ಗುಡಾರದಂತೆ ನಿಲ್ಲಿಸಿ, ಕೀಬೋರ್ಡಿನ ನೀರು ಕೆಳಗೆ ಇಳಿಯಲು ಬಿಡಬೇಕು. ಮಾರನೇ ಬೆಳಿಗ್ಗೆ ಕುತೂಹಲಕ್ಕೆ ಆನ್ ಮಾಡಬಾರದು, ಬಿಚ್ಚಿ ಒಣಗಿಸುವವರ ಹತ್ತಿರ ಒಯ್ಯಬೇಕು. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಅಕ್ಕಿ ದಂಡ ಅಷ್ಟೇ. ಇನ್ನೊಂದು ಮಾತು: ಏನೂ ಚೆಲ್ಲದೆ ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ತಾನಾಗಿ ಮೇಲೆ ಉಬ್ಬಿದ್ದರೆ, ಅಡಿಯಲ್ಲಿರುವ ಬ್ಯಾಟರಿ ಊದಿರಬಹುದು. ಅದನ್ನು ಅದುಮಬೇಡಿ, ಚಾರ್ಜಿಗೆ ಹಾಕಬೇಡಿ, ತಕ್ಷಣ ತೋರಿಸಿ.

ಪಾಸ್‌ವರ್ಡಿನ ವಿಷಯ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ನಾಲ್ಕು ದಿನ ನನ್ನ ಇಮೇಲ್, ಇನ್ನೂ ಅಚ್ಚಾಗದ ಎರಡು ಪುಸ್ತಕ, ಒಬ್ಬ ಹುಡುಗಿಯ ಪಿಎಚ್.ಡಿ. ಪ್ರಬಂಧ ಎಲ್ಲವೂ ಆ ಅಂಟುಪಟ್ಟಿ ಓದಬಲ್ಲ ಯಾರಿಗಾದರೂ ತೆರೆದಿತ್ತು. ಅವು ನನ್ನವಲ್ಲ, ಇನ್ನೊಬ್ಬರು ನಂಬಿ ಕೊಟ್ಟಿದ್ದವು. ಎಸ್.ಪಿ. ರಸ್ತೆಯ ಹಿರಿಯರು ಪಾಸ್‌ವರ್ಡ್ ಕೇಳಲೇ ಇಲ್ಲ. ಲಾಗಿನ್ ಪರದೆಯಲ್ಲಿ ಪಾಸ್‌ವರ್ಡಿನ ಜಾಗದಲ್ಲೇ ಒಂದೊಂದು ಕೀ ಒತ್ತಿ, ಪಕ್ಕದ ಕಣ್ಣಿನ ಗುರುತು ಅದುಮಿ ಅಕ್ಷರ ನೋಡಿದರು. ಕೀಬೋರ್ಡ್ ಪರೀಕ್ಷೆಗೆ ಅಷ್ಟು ಸಾಕು. ನೀವು ಯಾರಿಗೂ ಕೊಡಬೇಡಿ.

ಕೊಡುವ ಮುಂಚೆ ಲ್ಯಾಪ್‌ಟಾಪಿನ ನಾಲ್ಕೂ ಕಡೆ ಫೋಟೊ ತೆಗೆಯಿರಿ, ಎಂಟರ್ ಕೀಯ ಆಕಾರವೂ ಕಾಣುವ ಹಾಗೆ. ನಿಮ್ಮ ಮಾಡೆಲ್ಲಿನಲ್ಲಿ ಕೀಬೋರ್ಡ್ ಬಿಡಿಯಾಗಿ ಬರುತ್ತದೋ ಪ್ಯಾನೆಲ್ ಸಮೇತವೋ ಎಂದು ನೀವೇ ನೋಡಬಹುದು. ಡೆಲ್, ಎಚ್‌ಪಿ, ಲೆನೊವೊ ತಮ್ಮ ಹಲವು ಮಾಡೆಲ್ಲುಗಳ ಸರ್ವಿಸ್ ಮ್ಯಾನುಯಲ್ಲನ್ನು ಜಾಲತಾಣದಲ್ಲಿ ಬಿಟ್ಟಿಯಾಗಿ ಇಟ್ಟಿವೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲೆಂದು 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ. ದರ, ಕೀಬೋರ್ಡಿನ ಮಾದರಿ, ಹಿಂಬೆಳಕು ಇದೆಯೋ ಇಲ್ಲವೋ, ಎಷ್ಟು ತಿಂಗಳ ವಾರಂಟಿ, ಹಳೆಯ ಭಾಗ ವಾಪಸ್ ಕೊಡುತ್ತಾರೋ, ಇಷ್ಟನ್ನು ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಬಿಚ್ಚಿದ ಮೇಲೆ ದರ ಹೆಚ್ಚಾದರೆ ಏನೂ ಕೊಡದೆ ವಾಪಸ್ ಒಯ್ಯುತ್ತೇನೆ ಎಂದೂ ಅಲ್ಲೇ ಬರೆಯಿರಿ. ಇದಕ್ಕೆ ಒಪ್ಪದವರ ಅಂಗಡಿಯಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದುಬಿಡಿ.

ಬಿಲ್ ಕೊಡದಿರುವುದು ಬರೀ ಒರಟುತನ ಎಂದುಕೊಂಡಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. ಬಿಲ್ಲಿನಲ್ಲಿ ಅವಧಿ ಬರೆದಿರದಿದ್ದರೆ ಅದಕ್ಕೆ ಮೂವತ್ತು ದಿನ. ನನ್ನ ಎಫ್ ಕೀ ನಿಂತಿದ್ದು ಇಪ್ಪತ್ತೆರಡನೇ ದಿನ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ಬಿಲ್ ಇಲ್ಲದ್ದಕ್ಕೆ ಯುಪಿಐ ಪಾವತಿಯ ದಾಖಲೆ, ವಾಟ್ಸ್‌ಆ್ಯಪ್ ಸಂದೇಶ, ಫೋಟೊ ಸೇರಿಸಿ ದೂರು ದಾಖಲಿಸಿದೆ. ಅದರ ಸಂಖ್ಯೆ ಬರೆದು ಅಂಗಡಿಗೂ ಒಂದು ಪತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಪತ್ರ ತಲುಪಿದ ಎರಡನೇ ದಿನ ಮಾಲೀಕರೇ ಫೋನ್ ಮಾಡಿ 2,000 ವಾಪಸ್ ಕೊಡುತ್ತೇನೆ, ದೂರು ತೆಗೆದುಬಿಡಿ ಅಂದರು. ಹಾಕದ ಪ್ಯಾನೆಲ್ಲಿಗೆ ತೆಗೆದುಕೊಂಡ 4,800 ಪೂರ್ತಿ ಬರಲಿ, ಆಮೇಲೆ ತೆಗೆಯುತ್ತೇನೆ ಎಂದಿದ್ದೇನೆ. ಅಂಟು ಮೆತ್ತಿದ ಆ ಕೀಬೋರ್ಡನ್ನು, ನವಿಲಿನ ಕಾಲು ಉಳಿದಿರುವ ಹಳೆಯ ಹಲಗೆಯ ಸಮೇತ, ಎಸ್.ಪಿ. ರಸ್ತೆಯವರು ದಿನಪತ್ರಿಕೆಯಲ್ಲಿ ಸುತ್ತಿ ಕೊಟ್ಟಿದ್ದರು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕಾಗಿ ಬಂದರೆ ತೋರಿಸಲು ಬೇಕು ಎಂದು ಬೀರುವಿನಲ್ಲಿ ಎತ್ತಿಟ್ಟಿದ್ದೇನೆ.