ಡಿವಿಡಿ ಬ್ಯಾಕಪ್ ನಂಬಿ ‘ನ್ಯೂಕ್’ ಒತ್ತುವ ಮೊದಲು ಇದನ್ನ ಓದ್ರಿ

ಕಲಬುರಗಿಯಲ್ಲಿ ದಾಲ್ ಮಿಲ್ಲು, ಅಡತಿ ಅಂಗಡಿ ನಡೆಸುವ ಎಷ್ಟೋ ಮಂದಿಯ ಆಫೀಸಿನ ಮೂಲೆಯಲ್ಲಿ ಹಳೇ ಲಿನಕ್ಸ್ ಸರ್ವರ್ ಒಂದಿರುತ್ತದೆ. ಪಕ್ಕದ ಕಪಾಟಿನಲ್ಲಿ ‘ಫುಲ್ ಬ್ಯಾಕಪ್, ಬೂಟೇಬಲ್’ (ಅಂದರೆ ಈ ಡಿಸ್ಕಿನಿಂದಲೇ ಕಂಪ್ಯೂಟರ್ ಶುರು ಮಾಡಬಹುದು) ಎಂದು ಮಾರ್ಕರಿನಲ್ಲಿ ಬರೆದ ಡಿವಿಡಿಗಳ ಡಬ್ಬಿ. ನಿಮ್ಮಲ್ಲೂ ಅಂಥ ಡಬ್ಬಿ ಇದ್ದರೆ ತೊಗರಿ ಸುಗ್ಗಿ ಶುರುವಾಗುವ ಮೊದಲೇ ಹೊರಗೆ ತೆಗೆದು ಪರೀಕ್ಷೆ ಮಾಡಿ. ಕಪನೂರಿನ ಒಂದು ಮಿಲ್ಲಿನಲ್ಲಿ ಆದದ್ದನ್ನು ಹೇಳುತ್ತೇನೆ. ಮಿಲ್ಲಿನ ಹೆಸರು, ಮೇಂಟೆನೆನ್ಸ್ ಹಿಡಿದವರ ಹೆಸರು ಎರಡೂ ಇಲ್ಲಿ ಬೇಡ.

ಜನವರಿ ತಿಂಗಳು, ಮಾಲು ಜೋರಾಗಿ ಬರುವ ಹೊತ್ತು. ರಾತ್ರಿಯೆಲ್ಲ ಕರೆಂಟು ಹೋಗಿ ಬಂದು ಮಾಡಿದೆ, ಯುಪಿಎಸ್ ಕೈಕೊಟ್ಟಿದೆ, ಬೆಳಿಗ್ಗೆ ಸರ್ವರ್ ಮೇಲೇಳಲಿಲ್ಲ. ಕಾಂಟಾ (ತೂಕದ) ಲೆಕ್ಕ, ಟ್ಯಾಲಿ ಡೇಟಾ ಎಲ್ಲ ಅದರಲ್ಲೇ. ಗೇಟಿನಲ್ಲಿ ಲಾರಿಗಳು ನಿಂತಿವೆ. ಮೇಂಟೆನೆನ್ಸಿನವರು ಫೋನಿನಲ್ಲೇ ಉಪಾಯ ಹೇಳಿದರು: “ಮೊದಲನೇ ಡಿಸ್ಕ್ ಹಾಕ್ರಿ, ನ್ಯೂಕ್ ಅಂತ ಟೈಪ್ ಮಾಡಿ ಎಂಟರ್ ಹೊಡೀರಿ. ಅದೇ ಎಲ್ಲಾ ಮಾಡ್ಕೋತದ.” ಆದರೆ ಡಿಸ್ಕು ಬೂಟೇ ಆಗಲಿಲ್ಲ. ಆಮೇಲೆ ನನ್ನನ್ನು ಕರೆಸಿದರು. ಅದು ಬೂಟ್ ಆಗದೇ ಹೋದದ್ದು ಆ ಸಾವ್ಕಾರರ ಪುಣ್ಯ.

“ಈ ಸರ್ವರಿನ್ಯಾಗ ಒಮ್ಮೆರೆ ಹಾಕಿ ನೋಡೀರೇನ್ರಿ?” ಅಂತ ಮೇಂಟೆನೆನ್ಸಿನವರನ್ನು ಕೇಳಿದೆ.

“ನಮ್ಮ ಲ್ಯಾಪ್‌ಟಾಪಿನ್ಯಾಗ ಚಲೋ ಬೂಟ್ ಆಗ್ಯಾದ್ರಿ ಸರ. ನಿಮ್ಮ ಡ್ರೈವ್ ಖರಾಬ್ ಆಗ್ಯಾದ, ಹೊಸಾದು ತರಸ್ರಿ.”

ಡ್ರೈವ್ ಖರಾಬ್ ಆಗಿರಲಿಲ್ಲ. ಕಂಪನಿಯಿಂದ ಅಚ್ಚಾಗಿ ಬಂದ ಡಿವಿಡಿ ಹಾಕಿದರೆ ತಕರಾರಿಲ್ಲದೆ ಓದುತ್ತಿತ್ತು. ಮಿಲ್ಲಿನಲ್ಲಿ ಹೊಟ್ಟಿನ ಧೂಳು ಎಲ್ಲದರೊಳಗೂ ನುಗ್ಗುತ್ತದೆ, ಹಾಗಾಗಿ ಲೆನ್ಸ್ ಒರೆಸಿಯೂ ನೋಡಿದೆ. ಬ್ಯಾಕಪ್ ಡಿಸ್ಕನ್ನು ಮಾತ್ರ ಅದು ಗರಗರ ತಿರುಗಿಸಿ, ಎರಡು ಸಲ ಟಕ್ ಎಂದು ಸುಮ್ಮನಾಗುತ್ತಿತ್ತು. ಡಿಸ್ಕ್ ತಿರುವಿ ನೋಡಿದರೆ ಅದು ಡಿವಿಡಿ ಪ್ಲಸ್ ಆರ್‌ಡಬ್ಲ್ಯೂ. ಹೊಸ ಡಿಸ್ಕಿನ ದುಡ್ಡು ಉಳಿಸಲು ಒಂದನ್ನೇ ಅಳಿಸಿ ಅಳಿಸಿ ಬರೆದಿದ್ದಾರೆ. ಅಚ್ಚಾದ ಒಂದು ಪದರದ ಡಿವಿಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 45ರಿಂದ 85 ಪರ್ಸೆಂಟ್ ವಾಪಸ್ ಕೊಡುತ್ತದೆ. ಆರ್‌ಡಬ್ಲ್ಯೂ ಕೊಡುವುದು 18ರಿಂದ 30. ಹಳೇ ಡ್ರೈವುಗಳು ಇಷ್ಟು ಮಂದ ಬೆಳಕು ಕಂಡರೆ ಅದನ್ನು ಎರಡು ಪದರದ ಡಿಸ್ಕ್ ಎಂದು ತಿಳಿದು ದಾರಿ ತಪ್ಪುತ್ತವೆ. ಲ್ಯಾಪ್‌ಟಾಪಿನ ಹೊಸ ಡ್ರೈವಿಗೆ ಈ ತೊಂದರೆ ಇಲ್ಲ. ಹಾಗಾಗಿ ‘ನಮ್ಮಲ್ಲಿ ನಡೀತದ’ ಎನ್ನುವುದು ಸುಳ್ಳಲ್ಲ, ಆದರೆ ಅದರಿಂದ ಸಾವ್ಕಾರರಿಗೆ ಮೂರು ಕಾಸಿನ ಉಪಯೋಗವೂ ಇಲ್ಲ.

ಹೊರಗಿನಿಂದ ಹಚ್ಚುವ ಯುಎಸ್‌ಬಿ ಡಿವಿಡಿ ಡ್ರೈವಿನಲ್ಲಿ ಅದೇ ಡಿಸ್ಕ್ ಹಾಕಿ ನೋಡಿದೆ. ಮೆನು ಬಂತು, ಕರ್ನಲ್ (ಲಿನಕ್ಸಿನ ತಿರುಳು) ಲೋಡ್ ಆಯಿತು, ಆಮೇಲೆ ಸಿಡಿ ಸಿಗುತ್ತಿಲ್ಲ ಎಂದು ನಿಂತಿತು. ಮೆನುವರೆಗೆ ಡಿಸ್ಕ್ ಓದುವುದು ಬಯಾಸ್, ಅಂದರೆ ಸರ್ವರಿನ ಬೋರ್ಡಿನಲ್ಲೇ ಇರುವ ಪುಟ್ಟ ತಂತ್ರಾಂಶ. ಕರ್ನಲ್ ಎದ್ದ ಮೇಲೆ ಅದೇ ತನ್ನ ಡ್ರೈವರಿನಿಂದ (ಯಂತ್ರದ ಭಾಗವನ್ನು ನಡೆಸುವ ತಂತ್ರಾಂಶದಿಂದ) ಓದಬೇಕು, ಆ ಬ್ಯಾಕಪ್ಪಿನಲ್ಲಿ ಯುಎಸ್‌ಬಿ ಡ್ರೈವರನ್ನೇ ಸೇರಿಸಿರಲಿಲ್ಲ. ಈ ಗುರುತು ನೆನಪಿಡಿ. ಮೆನುವೇ ಬರದಿದ್ದರೆ ಡಿಸ್ಕಿನ ಜಾತಿ ಅಥವಾ ಬರೆದ ರೀತಿಯನ್ನು ಅನುಮಾನಿಸಿ. ಮೆನು ಬಂದು ಸಿಡಿ ಕಾಣದಿದ್ದರೆ ಡ್ರೈವರ್. ಅರ್ಧ ಓದಿ ‘ಐ/ಒ ಎರರ್’ ಎಂದರೆ ಡಿಸ್ಕೇ ಕೆಟ್ಟಿದೆ.

ಕೊನೆಗೆ ಲ್ಯಾಪ್‌ಟಾಪಿನಲ್ಲಿ ಆ ಡಿಸ್ಕಿನ ಪೂರ್ತಿ ಇಮೇಜ್ (ಸೆಕ್ಟರ್ ಸೆಕ್ಟರಾಗಿ ಯಥಾವತ್ ನಕಲು) ತೆಗೆದು, ಒಂದೇ ಸಲ ಬರೆಯುವ ಒಳ್ಳೆಯ ಡಿವಿಡಿ ಮೈನಸ್ ಆರ್ ಮೇಲೆ ನಿಧಾನ ವೇಗದಲ್ಲಿ ಬರೆದು, ಫೈನಲೈಸ್ ಮಾಡಿದೆ, ಅಂದರೆ ಬರವಣಿಗೆ ಮುಗಿಸಿ ಡಿಸ್ಕ್ ಮುಚ್ಚಿದೆ. ಬರೇ ಫೈಲುಗಳನ್ನು ಎಳೆದು ಹಾಕಿದರೆ ಆಗುವುದಿಲ್ಲ. ಡಿಸ್ಕಿನಿಂದ ಬೂಟ್ ಆಗಲು ಇರುವ 1995ರ ಎಲ್ ಟೊರಿಟೊ ಪದ್ಧತಿಯಲ್ಲಿ ಬೂಟ್ ಗುರುತು 17ನೇ ಸೆಕ್ಟರಿನಲ್ಲಿ ಕೂತಿರುತ್ತದೆ, ಫೈಲ್ ಕಾಪಿಯಲ್ಲಿ ಅದು ಬರುವುದಿಲ್ಲ. ಹೊಸ ಡಿಸ್ಕ್ ಸರ್ವರಿನ ಸ್ವಂತ ಡ್ರೈವಿನಲ್ಲೇ ಬೂಟ್ ಆಯಿತು.

ಎದೆ ಧಸಕ್ ಎಂದದ್ದು ಇದರ ನಂತರ. ಬ್ಯಾಕಪ್ ಮಾಡಿದ್ದು ಮಾಂಡೋ ರೆಸ್ಕ್ಯೂನಲ್ಲಿ. ತಂತ್ರಾಂಶ ಒಳ್ಳೆಯದೇ, ಅದರ ತಪ್ಪೇನೂ ಇಲ್ಲ. ಆದರೆ ಅದರಲ್ಲಿ ‘ನ್ಯೂಕ್’ ಎಂದರೆ ಮೊದಲು ಹಾರ್ಡ್ ಡಿಸ್ಕನ್ನು ಪಾರ್ಟಿಷನ್ ಸಮೇತ ಅಳಿಸಿ ಫಾರ್ಮ್ಯಾಟ್ ಮಾಡುತ್ತದೆ, ಆಮೇಲೆ ಒಂದೊಂದೇ ಡಿಸ್ಕ್ ಕೇಳುತ್ತದೆ. ನಾನು ‘ಎಕ್ಸ್‌ಪರ್ಟ್’ ಒತ್ತಿದೆ. ಅದು ಯಾವುದನ್ನೂ ಮುಟ್ಟದೆ ಕಮ್ಯಾಂಡ್ ಲೈನಿಗೆ ಬಿಡುತ್ತದೆ. ಅಲ್ಲಿಂದ ನೋಡಿದರೆ ಸರ್ವರಿನ ಹಾರ್ಡ್ ಡಿಸ್ಕ್ ಸತ್ತಿರಲಿಲ್ಲ, ಫೈಲ್ ಸಿಸ್ಟಮ್ (ಫೈಲುಗಳು ಎಲ್ಲಿವೆ ಎಂಬ ಲೆಕ್ಕ) ಮಾತ್ರ ಕೆಟ್ಟಿತ್ತು. ಉಳಿದ ಬ್ಯಾಕಪ್ ಡಿಸ್ಕುಗಳನ್ನು ಮೊದಲಿಂದ ಕೊನೆವರೆಗೆ ಓದಿಸಿದೆ. ಮೂರನೆಯದು ಹೊರ ಅಂಚಿನ ಹತ್ತಿರ ಬಂದು ಎರರ್ ಕೊಟ್ಟಿತು. ಇದು ಆರ್‌ಡಬ್ಲ್ಯೂ ಅಲ್ಲ, ಒಂದೇ ಸಲ ಬರೆಯುವ ಹೆಸರಿಲ್ಲದ ಅಗ್ಗದ ಡಿಸ್ಕ್, ತಗಡಿನ ಆಫೀಸು, ಕಿಟಕಿ ಪಕ್ಕದ ಕಪಾಟು, ಮೇಲೆ ನಮ್ಮ ಮೇ ತಿಂಗಳ ಬಿಸಿಲು. ಒಂದೇ ಸಲ ಬರೆಯುವ ಡಿಸ್ಕಿನಲ್ಲಿ ಡೇಟಾ ನಿಂತಿರುವುದು ಒಂದು ತೆಳುವಾದ ಬಣ್ಣದ ಪದರದಲ್ಲಿ, ಬಿಸಿಗೂ ಬೆಳಕಿಗೂ ಅದು ಹಾಳಾಗುತ್ತದೆ. ಆ ಬೆಳಿಗ್ಗೆ ಫೋನಿನ ಮಾತು ಕೇಳಿ ನ್ಯೂಕ್ ನಡೆದಿದ್ದರೆ ಹಳೆಯದೂ ಹೋಗಿ, ಬ್ಯಾಕಪ್ಪೂ ಬರದೆ, ಸುಗ್ಗಿಯ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು.

ಹಳೇ ಹಾರ್ಡ್ ಡಿಸ್ಕ್ ಬಿಚ್ಚಿಟ್ಟು, ಹೊಸದು ಹಾಕಿ, ಅದರಿಂದ ಇದಕ್ಕೆ ಡೇಟಾ ಎತ್ತಿದೆ. ಕಾಂಟಾ ನೋಂದಣಿಯ ಒಂದಿಷ್ಟು ಭಾಗ ಎಲ್ಲೂ ಸಿಗಲಿಲ್ಲ. ಮುನೀಮರು ಚೀಟಿಗಳ ಕಟ್ಟು ಇಟ್ಟುಕೊಂಡು ಮತ್ತೆ ಟೈಪ್ ಮಾಡಿದರು.

ಡಿವಿಡಿಯಲ್ಲೇ ಬ್ಯಾಕಪ್ ಬೇಕು ಅನ್ನುವವರು ಮೇಂಟೆನೆನ್ಸಿನವರನ್ನು ಎದುರಿಗೆ ಕೂರಿಸಿಕೊಂಡು ಕೆಲಸ ಮಾಡಿಸಿ. ಆರ್‌ಡಬ್ಲ್ಯೂ ಬೇಡವೇ ಬೇಡ. ಪ್ಲಸ್ ಆರ್ ತಂದರೆ ಬರೆಯುವಾಗಲೇ ಅದರ ಬುಕ್ ಟೈಪನ್ನು (ಡಿಸ್ಕ್ ಯಾವ ಜಾತಿ ಎಂದು ಡ್ರೈವಿಗೆ ಹೇಳುವ ಗುರುತನ್ನು) ಡಿವಿಡಿ-ROM (ಅಚ್ಚಾದ ಡಿವಿಡಿ) ಎಂದು ಬದಲಿಸಿ, ಹಳೇ ಡ್ರೈವುಗಳು ಆಗ ಹೆಚ್ಚು ಒಪ್ಪುತ್ತವೆ. ಮೈನಸ್ ಆರ್‌ನಲ್ಲಿ ಆ ಸೌಲಭ್ಯ ಇಲ್ಲ. ಡಬ್ಬಿಯ ಮೇಲೆ 4.7 ಜಿಬಿ ಎಂದಿದ್ದರೂ ಕಂಪ್ಯೂಟರ್ ಲೆಕ್ಕದಲ್ಲಿ ಅದು 4.38 ಮಾತ್ರ. ಪ್ಲಸ್ ಆರ್‌ನಲ್ಲಿ ಮೈನಸ್ ಆರ್‌ಗಿಂತ ಒಂದು ಚೂರು ಕಡಿಮೆಯೇ ಜಾಗ, ಹಾಗಾಗಿ ಅಂಚಿನವರೆಗೆ ತುಂಬಿದ ಇಮೇಜ್ ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ಹಿಡಿಯದಿರಬಹುದು. ಬರೆದ ಮೇಲೆ ಡಿಸ್ಕನ್ನು ಹೊರಗೆ ತೆಗೆದು, ಸರ್ವರಿನ ಡ್ರೈವಿಗೇ ಹಾಕಿ ಚೆಕ್‌ಸಮ್ (ಡೇಟಾದಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಹೋಲಿಸಿ. ತೆಗೆಯದೆ ಹೋಲಿಸಿದರೆ ಮೆಮೊರಿಯಲ್ಲಿ ಉಳಿದದ್ದನ್ನೇ ಓದಿ ‘ಸರಿ ಇದೆ’ ಎನ್ನಬಹುದು. ಆಮೇಲೆ ಸರ್ವರ್ ಆಫ್ ಮಾಡಿ ಅದರಿಂದಲೇ ಬೂಟ್ ಮಾಡಿಸಿ, ಎಕ್ಸ್‌ಪರ್ಟ್ ಒತ್ತಿಸಿ. ಪರೀಕ್ಷೆಗೆಂದು ನ್ಯೂಕ್ ಒತ್ತುವ ಶೂರರೂ ಇದ್ದಾರೆ, ಅವರನ್ನು ಕೀಬೋರ್ಡಿನಿಂದ ದೂರ ಇಡಿ.

ಮೇಂಟೆನೆನ್ಸಿನವರು ಮುಂದಿನ ವರ್ಷದ ಕೊಟೇಶನ್ ಕಳಿಸಿದರು, ಬ್ಯಾಕಪ್ ಡಿವಿಡಿಗೆ ಪ್ರತ್ಯೇಕ ಚಾರ್ಜು ಹಾಕಿ. “ಬ್ಯಾರೆ ಹಾರ್ಡ್ ಡಿಸ್ಕ್ ನಾವೇ ಕೊಡ್ತೀವಿ, ನಮ್ಮ ಕಣ್ಮುಂದ ಪೂರಾ ರಿಸ್ಟೋರ್ ಮಾಡಿ ತೋರಸ್ರಿ, ಆಮ್ಯಾಲ ಸಹಿ” ಎಂದು ಸಾವ್ಕಾರರು ಹೇಳಿ ಕಳಿಸಿದ್ದಾರೆ. ಜವಾಬು ಇನ್ನೂ ಬಂದಿಲ್ಲ.