ಬ್ರಹ್ಮಕಲಶಕ್ಕೆ ಕರೆಸಿದ ಡ್ರೋನ್ ತಂಡ: ಐದರಲ್ಲಿ ನಾಲ್ಕು ಸ್ಟಾರ್

ನಮ್ಮೂರ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಮಂಗಳೂರಿನ ಒಂದು ಫೋಟೋ ತಂಡವನ್ನು ಗೊತ್ತು ಮಾಡಿದ್ದೆವು. ಎರಡು ಕ್ಯಾಮೆರಾ, ಜೊತೆಗೆ ಡ್ರೋನ್. ಡ್ರೋನ್‌ಗೆಂದೇ ದಿನಕ್ಕೆ 8,000 ರೂಪಾಯಿ. ದೂರು ಕೂಡ ಇರುವುದರಿಂದ ತಂಡದ ಹೆಸರು ಬರೆಯುವುದಿಲ್ಲ.

ದೂರನ್ನೇ ಮೊದಲು ಹೇಳಿಬಿಡುತ್ತೇನೆ. ಬುಕಿಂಗ್ ಮಾಡುವಾಗ ತೋರಿಸಿದ ಸ್ಯಾಂಪಲ್ ವಿಡಿಯೋದಲ್ಲಿ ಡ್ರೋನ್ ಜನರ ತಲೆಯ ಮೇಲೇ ಹಾರುತ್ತಿತ್ತು, ನಾವು ಅದಕ್ಕೇ ಮರುಳಾಗಿ ಅಡ್ವಾನ್ಸ್ ಕೊಟ್ಟದ್ದು. ಊರವರು ಕಾಣಿಕೆ ಹೊತ್ತು ಮೆರವಣಿಗೆಯಲ್ಲಿ ಬರುವ ಹೊರೆಕಾಣಿಕೆ ದಿನ ನೋಡಿದರೆ ಡ್ರೋನ್ ಹಾರಿಸುವ ಹುಡುಗ ಗದ್ದೆ ಬದಿಯಲ್ಲಿ ಕಿತ್ತಳೆ ಬಣ್ಣದ ಚಾಪೆ ಹಾಸಿಕೊಂಡು ನಿಂತಿದ್ದಾನೆ. ಮೆರವಣಿಗೆಯ ಮೇಲೆ ಹಾರಿಸಲು ಸುತರಾಂ ಒಪ್ಪುವುದಿಲ್ಲ. ಸಮಿತಿಯಲ್ಲಿರುವ ನಮ್ಮ ಮಾವನಿಗೆ ಮಂಡೆ ಬಿಸಿ.

"ಎಂತ ಮಾರಾಯ, ಗದ್ದೆ ತೆಗೀಲಿಕ್ಕೆ ಎಂಟು ಸಾವಿರವಾ?"

"ಅಣ್ಣ, ಬದಿಯಿಂದ ಎಷ್ಟು ಬೇಕಾದರೂ ತೆಗೆಯುತ್ತೇನೆ. ಜನರ ಮೇಲೆ ಬೇಡ."

ಊಟದ ಚಪ್ಪರದಲ್ಲಿ ಅವನ ಪಕ್ಕವೇ ಎಲೆ ಸಿಕ್ಕಿತು, ಕೇಳಿದೆ. ಸಾರು ಬರುವುದರೊಳಗೆ ಅರ್ಧ ಕಾನೂನು ಹೇಳಿ ಮುಗಿಸಿದ. 2021ರ ಡ್ರೋನ್ ನಿಯಮಗಳ ಪ್ರಕಾರ ಯಾರ ಜೀವಕ್ಕಾಗಲಿ ಆಸ್ತಿಗಾಗಲಿ ಅಪಾಯ ಆಗುವ ಹಾಗೆ ಹಾರಿಸುವಂತಿಲ್ಲ, ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ. ನಮ್ಮೂರು ಬಜ್ಪೆ ವಿಮಾನ ನಿಲ್ದಾಣದಿಂದ ಹತ್ತು ಕಿಲೋಮೀಟರ್ ಅಷ್ಟೇ. 8ರಿಂದ 12 ಕಿಲೋಮೀಟರ್ ಒಳಗಿನ ಊರುಗಳಲ್ಲಿ ಅನುಮತಿ ಇಲ್ಲದೆ 200 ಅಡಿ ದಾಟುವಂತಿಲ್ಲ, ಅದರಾಚೆ ಹಸಿರು ವಲಯದಲ್ಲಾದರೆ, ಅಂದರೆ ಅನುಮತಿ ಕೇಳದೆ ಹಾರಿಸಬಹುದಾದ ಜಾಗದಲ್ಲಾದರೆ, 400 ಅಡಿ. ದೊಡ್ಡ ಉತ್ಸವ, ವಿಐಪಿ ಬರುವುದು ಅಂತಿದ್ದರೆ ಎಸ್‌ಪಿ ದರ್ಜೆಯ ಅಧಿಕಾರಿ ಒಂದು ಜಾಗವನ್ನು ಒಂದು ಸಲಕ್ಕೆ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ, ಅಂದರೆ ಅನುಮತಿ ಇಲ್ಲದೆ ಹಾರಿಸಲೇಬಾರದ ಜಾಗ, ಅಂತ ಮಾಡಬಹುದಂತೆ. ಹಾಗಾಗಿ ಹಿಂದಿನ ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ ಈ ವಲಯಗಳನ್ನು ತೋರಿಸುವ ಮ್ಯಾಪ್ ನೋಡಿಯೇ ಬಂದಿದ್ದ.

ನನ್ನ ಚಿಕ್ಕಪ್ಪನ ಮಗನ ಹತ್ತಿರವೂ ಒಂದು ಸಣ್ಣ ಡ್ರೋನ್ ಉಂಟು. 250 ಗ್ರಾಂ ಒಳಗಿನದಕ್ಕೆ ಯಾವ ಕಾನೂನೂ ಇಲ್ಲ ಅಂತ ಅವನ ವಾದ. ಪೈಲಟ್ ಸರ್ಟಿಫಿಕೇಟ್ ಬೇಡ, ವಿಮೆಯೂ ಬೇಡ, ಅಷ್ಟು ನಿಜ. ಆದರೆ ಕೆಂಪು ವಲಯ ಅದಕ್ಕೂ ಕೆಂಪೇ ಅಲ್ವಾ. ಈ ಹುಡುಗನದ್ದು ಸುಮಾರು 900 ಗ್ರಾಂ, ಅದೂ ದುಡ್ಡು ತೆಗೆದುಕೊಂಡು ಮಾಡುವ ಕೆಲಸ, ಸರ್ಟಿಫಿಕೇಟ್, ವಿಮೆ ಎರಡೂ ಬೇಕೇ ಬೇಕು. ಎರಡನ್ನೂ ಕೇಳುವ ಮೊದಲೇ ಮೊಬೈಲಲ್ಲಿ ತೆಗೆದು ತೋರಿಸಿದ. ನೀವು ಬುಕ್ ಮಾಡುವಾಗಲೂ ಕೇಳಿ ನೋಡಿ, ಸುಮ್ನೆ ನಕ್ಕು ಮಾತು ಮರೆಸುವವರೇ ಜಾಸ್ತಿ.

ಕಲಶಾಭಿಷೇಕದ ದಿನ ಇನ್ನೊಂದು ನಡೆಯಿತು. ಆ ಹೊತ್ತಿಗೆ ಗರುಡ ಬಂದು ಸುತ್ತು ಹಾಕುವುದನ್ನು ನೋಡಲು ಎಲ್ಲರೂ ಕತ್ತು ಮೇಲೆ ಮಾಡಿ ಕಾಯುತ್ತಾರೆ, ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಗರುಡ ಕಂಡದ್ದೇ ತಡ, ಇವನು ಸರಸರ ಡ್ರೋನ್ ಇಳಿಸಿಬಿಟ್ಟ. ಗರುಡ, ಗಿಡುಗ ಎಲ್ಲ ಡ್ರೋನ್ ಮೇಲೆ ಎರಗುತ್ತವಂತೆ. ಡ್ರೋನಿನ ರೆಕ್ಕೆಯೊಂದರ ಅಂಚಿನಲ್ಲಿ ಕಚ್ಚಿದ ಹಾಗಿದ್ದ ಗಾಯ ತೋರಿಸಿದ, ಹಿಂದೆ ಸಮುದ್ರದ ಬದಿಯಲ್ಲಿ ಆದದ್ದಂತೆ. ಡ್ರೋನ್ ಇಳಿದ ಮೇಲೆ ಆ ಗುಂಯ್ ಶಬ್ದವೂ ನಿಂತಿತು, ಚೆಂಡೆ ಸರಿಯಾಗಿ ಕೇಳಿತು. ಮಾವ ಆಗ ಏನೂ ಹೇಳಲಿಲ್ಲ, ಕೈ ಮುಗಿದು ನಿಂತಿದ್ದರು.

ವಿಡಿಯೋ ಹೇಗುಂಟು? ಚೆನ್ನಾಗಿಯೇ ಉಂಟು. ಗದ್ದೆಯ ಕಡೆಯಿಂದ ಓರೆಯಾಗಿ ತೆಗೆದದ್ದರಿಂದ ಬಣ್ಣದ ಕೊಡೆ, ಟೆಂಪೋ ತುಂಬಾ ಬಾಳೆಗೊನೆ, ಸೀಯಾಳ, ಹಿಂದೆ ಹೊಸ ತಾಮ್ರದ ಮಾಡು ಎಲ್ಲ ಒಟ್ಟಿಗೆ ಬಂದಿದೆ. ಮೇಲಿಂದ ತೆಗೆದಿದ್ದರೆ ಬರೀ ತಲೆ ಕಾಣುತ್ತಿತ್ತು. ಪೆನ್‌ಡ್ರೈವ್ ಕೊಡಲು ಹೇಳಿದ್ದಕ್ಕಿಂತ ಹನ್ನೆರಡು ದಿನ ತಡ ಮಾಡಿದರು, ಹಿನ್ನೆಲೆ ಸಂಗೀತವೂ ಕಿವಿಗೆ ಸ್ವಲ್ಪ ಜಾಸ್ತಿಯೇ. ಆದರೆ ಒಂದು ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕಲ್ಲ. ಜನರ ಮೇಲೆ ಹಾರಿಸುವುದಿಲ್ಲ ಅಂತ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಹೇಳಬಹುದಿತ್ತು, ಆ ಹಳೆ ಸ್ಯಾಂಪಲ್ಲನ್ನೂ ತೆಗೆದುಹಾಕಬಹುದಿತ್ತು. ಫೋನ್ ಮಾಡಿ ಹೇಳಿದೆ, ತೆಗೆಯುತ್ತೇವೆ ಅಂದರು. ನಿನ್ನೆ ನೋಡಿದೆ, ಇನ್ನೂ ಹಾಗೇ ಉಂಟು.