ಹಾಟ್ ಟಬ್ ನೀರಿಗೆ ಯಾವುದು ಒಳ್ಳೆಯದು? ಐದು ದಾರಿ ನೋಡಿದ ಮೇಲೆ

ನಮ್ಮ ಮನೆಯ ಹಾಟ್ ಟಬ್ಬಿಗೆ, ಅಂದರೆ ಬಿಸಿನೀರಿನಲ್ಲಿ ಕೂರುವ ತೊಟ್ಟಿಗೆ, 1200 ಲೀಟರ್ ನೀರು ಹಿಡಿಯುತ್ತದೆ. ದಿನಾ ರಾತ್ರಿ ಇಬ್ಬರು ಕೂರುತ್ತೇವೆ, ವಾರದ ಕೊನೆಗೆ ನಾಲ್ಕೈದು ಜನ. ಮೂರು ವರ್ಷದಲ್ಲಿ ಅದೇ ಟಬ್ಬಿನ ನೀರನ್ನು ಕ್ರಿಮಿ ಬೆಳೆಯದಂತೆ ಐದು ಬಗೆಯಲ್ಲಿ ನೋಡಿಕೊಂಡಿದ್ದೇನೆ. ಬರೀ ಡೈಕ್ಲೋರ್ ಅನ್ನುವ ಕ್ಲೋರಿನ್ ಪುಡಿ, ಬ್ರೋಮಿನ್ ಮಾತ್ರೆ, ಬೆಳ್ಳಿಯ ಮಿನರಲ್ ಕಡ್ಡಿ, ಉಪ್ಪಿನ ಯಂತ್ರ, ಕೊನೆಗೆ ಡೈಕ್ಲೋರ್‌ನಿಂದ ಶುರು ಮಾಡಿ ದ್ರವ ಕ್ಲೋರಿನ್‌ಗೆ ದಾಟುವ ಕ್ರಮ. ಒಂದೊಂದನ್ನೂ ಕಡಿಮೆ ಅಂದರೂ ಒಂದು ಸಲ ನೀರು ತುಂಬಿಸಿ ಖಾಲಿ ಮಾಡುವ ತನಕ ಬಳಸಿದೆ. ಮಿನರಲ್ ಕಡ್ಡಿಯನ್ನು ಮಾತ್ರ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ದಿನಾ ಐದು ನಿಮಿಷ ಕೊಡೋಕೆ ಆಗುವವರಿಗೆ ಐದನೆಯ ದಾರಿ. ಆಗದವರಿಗೆ ಬ್ರೋಮಿನ್. ಮಿನರಲ್ ಕಡ್ಡಿಯನ್ನು ನಂಬಿ ಯಾರೂ ನೀರಿಗೆ ಇಳಿಯಬೇಡಿ.

ಹಾಟ್ ಟಬ್ ಅಂದರೆ ಚಿಕ್ಕ ಈಜುಕೊಳ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಈಜುಕೊಳದಲ್ಲಿ ನಾಲ್ಕು ಜನ ಇಳಿದರೆ ಒಬ್ಬೊಬ್ಬರ ಪಾಲಿಗೆ ಸಾವಿರಾರು ಲೀಟರ್ ನೀರಿರುತ್ತದೆ. ನಮ್ಮ ಟಬ್ಬಿನಲ್ಲಿ ತಲೆಗೆ 300 ಲೀಟರ್. ಅದೂ 38 ಡಿಗ್ರಿ ಬಿಸಿ. ಮೈಯ ಬೆವರು, ಎಣ್ಣೆ, ಹಚ್ಚಿಕೊಂಡ ಕ್ರೀಮು ಎಲ್ಲಾ ಅದರಲ್ಲೇ ಇಳಿಯುತ್ತದೆ. ನ್ಯುಮೋನಿಯಾ ತರುವ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದು 25ರಿಂದ 45 ಡಿಗ್ರಿ ನಡುವೆ. ಅಂದರೆ ಸರಿಯಾಗಿ ನಮಗೆ ಹಿತವಾಗುವ ಬಿಸಿಯಲ್ಲೇ. 1999ರಲ್ಲಿ ನೆದರ್‌ಲೆಂಡ್ಸ್‌ನ ಬೋವೆನ್‌ಕಾರ್ಸ್ಪೆಲ್‌ನ ಹೂವಿನ ಪ್ರದರ್ಶನದಲ್ಲಿ ಸುಮ್ನೆ ತೋರಿಸೋಕೆ ಇಟ್ಟಿದ್ದ ಬಿಸಿನೀರಿನ ತೊಟ್ಟಿಯಿಂದ ಈ ರೋಗ ಹರಡಿ 30ಕ್ಕೂ ಹೆಚ್ಚು ಜನ ತೀರಿಕೊಂಡರು. ನೀರಿಗೆ ಇಳಿಯದೆ, ಪಕ್ಕದಲ್ಲಿ ನಡೆದು ಹೋದವರಿಗೂ ಹನಿಗಳ ಮೂಲಕ ಉಸಿರಿಗೆ ಸೇರಿತ್ತು. ಅದನ್ನು ಓದಿದ ದಿನದಿಂದ ನೀರಿನ ವಿಷಯದಲ್ಲಿ ಅಂದಾಜಿನ ಮೇಲೆ ನಡೆಯುವುದನ್ನು ಬಿಟ್ಟೆ.

ಹಾಟ್ ಟಬ್ಬಿಗೆ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವ ಕನಿಷ್ಠ ಮಟ್ಟ ಕ್ಲೋರಿನ್ ಆದರೆ 3 ಪಿಪಿಎಂ, ಬ್ರೋಮಿನ್ ಆದರೆ 4. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.0ರಿಂದ 7.8ರ ಒಳಗೆ. ಒಂದು ಪಿಪಿಎಂ ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ, ಅಷ್ಟೇ. ಇದೊಂದು ತಲೆಯಲ್ಲಿದ್ದರೆ ಡಬ್ಬಿಯ ಮೇಲಿನ 'ಒಂದು ಮುಚ್ಚಳ ಹಾಕಿ' ಅನ್ನುವ ಅಳತೆ ಬೇಕಾಗುವುದಿಲ್ಲ. ನಮ್ಮ ಟಬ್ಬಿಗೆ 3 ಪಿಪಿಎಂ ಬೇಕು ಅಂದರೆ 3.6 ಗ್ರಾಂ ಕ್ಲೋರಿನ್ ಬೇಕು. ಡೈಕ್ಲೋರ್ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಸುಮಾರು ಶೇ. 56. ಹಾಗಾಗಿ ಆರೂವರೆ ಗ್ರಾಂ ಪುಡಿ. ಅಡುಗೆಮನೆಯ ತಕ್ಕಡಿ ಸಾಕು, ಆದರೆ ಇದಕ್ಕೇ ಅಂತ ಬೇರೆ ಒಂದನ್ನು ಇಟ್ಟುಕೊಳ್ಳಿ.

ಮೊದಲು ಬಳಸಿದ್ದು ಈ ಡೈಕ್ಲೋರ್ ಪುಡಿಯನ್ನೇ. ಶುರುವಿನಲ್ಲಿ ಇಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಬೇಗ ಕರಗುತ್ತದೆ, ಪಿಎಚ್ ಹೆಚ್ಚು ಕದಲುವುದಿಲ್ಲ, ನೀರು ಗಾಜಿನ ಹಾಗೆ ಇರುತ್ತದೆ. ಮೊದಲ ತಿಂಗಳು ನನಗೆ ಬೇರೆ ಏನೂ ಬೇಡ ಅನ್ನಿಸಿತ್ತು. ಐದನೇ ವಾರದಿಂದ ನೀರು ಮಂಕಾಗತೊಡಗಿತು. ಅಳೆದರೆ ಕ್ಲೋರಿನ್ 3 ಇದೆ, 4 ಇದೆ. ಆದರೂ ಬೆಳಿಗ್ಗೆ ಮುಚ್ಚಳ ತೆಗೆದರೆ ಮೂಗು ಸುಡುವ ವಾಸನೆ. ಕ್ಲೋರಿನ್ ಜಾಸ್ತಿಯಾಯಿತು ಅಂತ ಎರಡು ದಿನ ಹಾಕದೆ ಬಿಟ್ಟೆ. ತಪ್ಪು ಮಾಡಿದ್ದು ಅಲ್ಲೇ. ಆ ವಾಸನೆ ಕ್ಲೋರಿನ್‌ದಲ್ಲ, ಬೆವರಿನ ಜೊತೆ ಸೇರಿ ಸೋತ ಕ್ಲೋರಿನ್‌ದು, ಅಂದರೆ ಕ್ಲೋರಮೈನ್‌ದು. ಘಾಟು ಬಂದಾಗ ಕ್ಲೋರಿನ್ ಹೆಚ್ಚು ಬೇಕು, ಕಡಿಮೆ ಅಲ್ಲ.

ನಿಜವಾದ ಕಾರಣ ಸಿಕ್ಕಿದ್ದು ಸಯನ್ಯೂರಿಕ್ ಆಸಿಡ್ ಅಳೆದಾಗ. ಡೈಕ್ಲೋರ್‌ನಿಂದ 1 ಪಿಪಿಎಂ ಕ್ಲೋರಿನ್ ಬಂದರೆ ಅದರ ಜೊತೆಗೇ 0.9 ಪಿಪಿಎಂ ಸಯನ್ಯೂರಿಕ್ ಆಸಿಡ್ ಬರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಮಾತ್ರ ನೀರಲ್ಲೇ ಉಳಿಯುತ್ತದೆ. ಸ್ವಲ್ಪ ಇದ್ದರೆ ಒಳ್ಳೆಯದೇ, ಕ್ಲೋರಿನ್‌ನ ಕಟುತನ ತಗ್ಗಿಸುತ್ತದೆ. ಜಾಸ್ತಿಯಾದರೆ ಕ್ಲೋರಿನ್‌ನ ಬಹುಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಲಸ ನಿಧಾನವಾಗುತ್ತದೆ. ಹಿಡಿದಿಟ್ಟ ಕ್ಲೋರಿನ್ನನ್ನೂ ಪರೀಕ್ಷೆಯ ಕಾಗದದ ಪಟ್ಟಿ 'ಇದೆ' ಅಂತಲೇ ತೋರಿಸುತ್ತದೆ. ನಾನು ಮೋಸ ಹೋದದ್ದು ಅಲ್ಲಿ. ಇದನ್ನು ಅಳೆಯೋದು ಒಂದು ಕೊಳವೆಯಲ್ಲಿ. ನೀರಿಗೆ ಔಷಧ ಬೆರೆಸಿದರೆ ಹಾಲಿನಂತೆ ಮಬ್ಬಾಗುತ್ತದೆ. ಕೊಳವೆಗೆ ನಿಧಾನಕ್ಕೆ ಸುರಿಯುತ್ತಾ ಮೇಲಿನಿಂದ ನೋಡಬೇಕು, ತಳದ ಕಪ್ಪು ಚುಕ್ಕೆ ಯಾವ ಗೆರೆಯಲ್ಲಿ ಮಾಯವಾಗುತ್ತದೋ ಅದೇ ಉತ್ತರ. ನನ್ನದು 100ರ ಗೆರೆ ತಲುಪುವ ಮೊದಲೇ ಮಾಯ, ಅಂದರೆ 100ಕ್ಕೂ ಹೆಚ್ಚು. ಅರ್ಧ ನಲ್ಲಿ ನೀರು ಬೆರೆಸಿ ಮತ್ತೆ ನೋಡಿದೆ, 65 ಬಂತು. ಎರಡರಷ್ಟು ಮಾಡಿದರೆ 130. ಏಳನೇ ವಾರಕ್ಕೆ ನೀರು ಚೆಲ್ಲಿದೆ. ಇದನ್ನು ಇಳಿಸೋಕೆ ಮನೆಯಲ್ಲಿ ಮಾಡುವಂಥದ್ದು ಅದೊಂದೇ.

ಆಮೇಲೆ ಬ್ರೋಮಿನ್. ಇದಕ್ಕೆ ಮೊದಲು ನೀರಲ್ಲಿ ಬ್ರೋಮೈಡ್‌ನ ದಾಸ್ತಾನು ಮಾಡಬೇಕು. ನಮ್ಮ ಟಬ್ಬಿಗೆ ಸುಮಾರು 45 ಗ್ರಾಂ ಸೋಡಿಯಂ ಬ್ರೋಮೈಡ್ ಹಿಡಿಯಿತು. ನಂತರ ತೇಲುವ ಡಬ್ಬಿಯಲ್ಲಿ ಮಾತ್ರೆ ತುಂಬಿಸಿ ಬಿಟ್ಟರೆ ಅದು ನಿಧಾನಕ್ಕೆ ಕರಗುತ್ತಾ 4ರಿಂದ 6 ಪಿಪಿಎಂ ಕಾಯ್ದುಕೊಳ್ಳುತ್ತದೆ. ಕೆಲಸ ಮಾಡಿ ಸೋತ ಬ್ರೋಮಿನ್ ಮತ್ತೆ ಬ್ರೋಮೈಡ್ ಆಗುತ್ತದೆ. ವಾರಕ್ಕೊಮ್ಮೆ ಆಕ್ಸಿಡೈಸರ್ ಪುಡಿ ಹಾಕಿದರೆ ಅದೇ ಬ್ರೋಮೈಡ್ ತಿರುಗಿ ಬ್ರೋಮಿನ್ ಆಗಿ ಏಳುತ್ತದೆ. ನಮ್ಮ ಟಬ್ಬಿನಲ್ಲಿ ಓಝೋನ್ ಯಂತ್ರವೂ ಇದೆ. ಕ್ಲೋರಿನ್ ಹಾಕುತ್ತಿದ್ದಾಗ ಅದು ಕ್ಲೋರಿನ್ನನ್ನೇ ತಿನ್ನುತ್ತಿತ್ತು. ಬ್ರೋಮಿನ್‌ಗೆ ಬಂದ ಮೇಲೆ ಅದೇ ಯಂತ್ರ ಬ್ರೋಮೈಡನ್ನು ಬ್ರೋಮಿನ್ ಮಾಡಿಕೊಟ್ಟು ಸಹಾಯಕ್ಕೆ ನಿಂತಿತು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಬಿಟ್ಟು ಹೋದಾಗಿನ ನೆಮ್ಮದಿ. ಡೈಕ್ಲೋರ್ ಕಾಲದಲ್ಲಿ ಎರಡು ದಿನ ಮನೆಯಲ್ಲಿ ಇಲ್ಲದಿದ್ದರೆ ಅಳತೆ ಸೊನ್ನೆ. ಬ್ರೋಮಿನ್‌ನಲ್ಲಿ ಐದು ದಿನ ಬಿಟ್ಟು ಬಂದು ನೋಡಿದರೂ 4ರ ಮೇಲೇ ಇತ್ತು. ಪಿಎಚ್ ಸ್ವಲ್ಪ ಏರಿದರೂ ಇದರ ಕಸುವು ಬೇಗ ಇಳಿಯುವುದಿಲ್ಲ. ಕ್ಲೋರಿನ್ ಹಾಗಲ್ಲ, ಪಿಎಚ್ 7.5 ದಾಟಿದರೆ ಅದರ ಚುರುಕಾದ ಭಾಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಕೊರತೆಗಳೂ ಇವೆ. ಬ್ರೋಮಿನ್‌ನ ವಾಸನೆ ಮೈಯಿಂದ ಬೇಗ ಹೋಗುವುದಿಲ್ಲ. ಸೋಪು ಹಚ್ಚಿ ಸ್ನಾನ ಮಾಡಿ ಮಲಗಿದರೂ ಬೆಳಿಗ್ಗೆ ಮೊಣಕೈ ಮೂಸಿದರೆ ಗೊತ್ತಾಗುತ್ತಿತ್ತು. ಹೆಂಡತಿಗೆ ಇದು ಆಗಿಬರಲಿಲ್ಲ. ತೇಲುವ ಡಬ್ಬಿ ಒಂದೇ ಮೂಲೆಗೆ ಹೋಗಿ ನಿಂತು, ಅಲ್ಲಿದ್ದ ತಲೆದಿಂಬಿನ ಬಣ್ಣ ಪೂರ್ತಿ ಹೋಯಿತು. ಬಿಸಿಲಿಗೆ ಇದು ಬೇಗ ಕಳೆದುಹೋಗುತ್ತದೆ, ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ ಸಯನ್ಯೂರಿಕ್ ಆಸಿಡ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಮುಚ್ಚಳ ಸದಾ ಹಾಕಿರಬೇಕು. ಇನ್ನೊಂದು ಮುಖ್ಯ ಸಂಗತಿ: ನೀರಿಗೆ ಒಮ್ಮೆ ಬ್ರೋಮೈಡ್ ಬಿದ್ದರೆ ಆಮೇಲೆ ನೀವು ಯಾವ ಕ್ಲೋರಿನ್ ಹಾಕಿದರೂ ಅದು ಬ್ರೋಮಿನ್ ಮಾಡುವುದಕ್ಕೇ ಖರ್ಚಾಗುತ್ತದೆ. ಕ್ಲೋರಿನ್‌ಗೆ ವಾಪಸ್ ಬರಬೇಕು ಅಂದರೆ ಟಬ್ ಖಾಲಿ ಮಾಡಲೇಬೇಕು. ಬ್ರೋಮಿನ್, ಕ್ಲೋರಿನ್ ಎರಡನ್ನೂ ಒಂದೇ ಡಬ್ಬಿಯಲ್ಲಿ, ಒಂದೇ ಚಮಚದಲ್ಲಿ ಎಂದೂ ಬೆರೆಸಬೇಡಿ. ಬೆಂಕಿ ಹತ್ತುವ ಅಪಾಯ ಇದೆ.

ಮಿನರಲ್ ಕಡ್ಡಿಯ ಕಥೆ ಚಿಕ್ಕದು. 'ಇದನ್ನು ಫಿಲ್ಟರ್ ಒಳಗೆ ಇಟ್ಟರೆ ಸಾಕು, ಕ್ಲೋರಿನ್ ಬೇಡವೇ ಬೇಡ' ಅಂತ ಮಾರಿದವರು ಹೇಳಿದರು. ಬೆಳ್ಳಿ ಮತ್ತು ತಾಮ್ರ ಬ್ಯಾಕ್ಟೀರಿಯಾ ಕೊಲ್ಲುವುದು ನಿಜ. ಆದರೆ ತೀರಾ ನಿಧಾನ. ಒಬ್ಬರ ಮೈಯಿಂದ ಬಂದದ್ದು ಪಕ್ಕದವರನ್ನು ಮುಟ್ಟುವ ಮೊದಲು ಸಾಯಬೇಕು, ಅಲ್ವಾ? ಅದಕ್ಕೆ ನೀರಲ್ಲಿ ಕ್ಲೋರಿನ್ನೋ ಬ್ರೋಮಿನ್ನೋ ಇರಲೇಬೇಕು. ಮೂರನೇ ವಾರ ಮಗಳ ಸೊಂಟ, ಬೆನ್ನಿನ ಮೇಲೆ ಕೆಂಪು ಗುಳ್ಳೆ ಎದ್ದವು. ಈಜುಡುಗೆ ಒತ್ತಿದ ಜಾಗದಲ್ಲೇ ಜಾಸ್ತಿ, ವಿಪರೀತ ತುರಿಕೆ. ಡಾಕ್ಟರ್ ನೋಡಿದ ತಕ್ಷಣ ಕೇಳಿದ್ದು, 'ಬಿಸಿನೀರಿನ ತೊಟ್ಟಿಯಲ್ಲಿ ಕೂತಿದ್ದಿರಾ?' ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಕೆಲಸ ಅದು. ಒಂದು ವಾರದಲ್ಲಿ ತಾನಾಗೇ ಇಳಿಯಿತು. ಆದರೆ ಆ ವಾರ ಅವಳು ರಾತ್ರಿ ಎದ್ದೆದ್ದು ಕೆರೆದುಕೊಳ್ಳುತ್ತಿದ್ದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅವತ್ತೇ ನೀರಿಗೆ ಕ್ಲೋರಿನ್ 10ರ ಮೇಲೆ ಏರಿಸಿ, ನೀರು ಚಿಮ್ಮಿಸುವ ಎಲ್ಲಾ ಜೆಟ್ ಓಡಿಸಿ, ಫಿಲ್ಟರ್ ಎಸೆದು, ಟಬ್ ಬರಿದು ಮಾಡಿದೆ.

ಉಪ್ಪಿನ ಯಂತ್ರದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಉಪ್ಪು ನೀರು ಅಂದರೆ ಕ್ಲೋರಿನ್ ಇಲ್ಲ ಅಂತಲ್ಲ. ಯಂತ್ರದ ಫಲಕಗಳು ವಿದ್ಯುತ್ತಿನಿಂದ ಆ ಉಪ್ಪನ್ನೇ ಕ್ಲೋರಿನ್ ಮಾಡುತ್ತವೆ. ನಾನು ಹಾಕಿದ್ದು 2000 ಪಿಪಿಎಂ ಮಟ್ಟಕ್ಕೆ, ಅಂದರೆ 2.4 ಕಿಲೋ ಉಪ್ಪು. ಮೈಗೆ ನೀರು ಮೃದುವಾಗಿತ್ತು, ಇದನ್ನು ಒಪ್ಪಲೇಬೇಕು. ಇಬ್ಬರೇ ಕೂರುವ ದಿನಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ. ಐದು ಜನ ಒಂದು ಗಂಟೆ ಕೂತ ರಾತ್ರಿ ಮಾತ್ರ ಯಂತ್ರ ಹಿಂದೆ ಬಿತ್ತು, ಮಾರನೇ ಬೆಳಿಗ್ಗೆಯೂ ಅಳತೆ 1 ದಾಟಲಿಲ್ಲ. ಕೈಯಿಂದ ಕ್ಲೋರಿನ್ ಹಾಕಬೇಕಾಯಿತು. ಪಿಎಚ್ ಸದಾ ಏರುತ್ತಿತ್ತು. ನೀರು ಗಡುಸಾದ್ದರಿಂದ ಫಲಕಗಳ ಮೇಲೆ ಸುಣ್ಣದ ಬಿಳಿ ಪದರ ಕಟ್ಟಿ, ತಿಂಗಳಿಗೊಮ್ಮೆ ತೆಗೆದು ತೊಳೆಯಬೇಕಿತ್ತು. ಮೆತ್ತನೆಯ ನೀರು ಇರುವ, ಕೂರುವವರ ಲೆಕ್ಕ ದಿನಾ ಒಂದೇ ಇರುವ ಮನೆಗೆ ಇದು ಹೊಂದೀತು.

ಈಗ ನಾನು ನಿಂತಿರುವ ಐದನೆಯ ದಾರಿ. ಹೊಸ ನೀರು ತುಂಬಿಸಿದ ಮೇಲೆ ಮೊದಲ ಹತ್ತು ದಿನ ದಿನಕ್ಕೆ 7 ಗ್ರಾಂ ಡೈಕ್ಲೋರ್. ಒಟ್ಟು 70 ಗ್ರಾಂ ಆಗುವ ಹೊತ್ತಿಗೆ ಸಯನ್ಯೂರಿಕ್ ಆಸಿಡ್ 30ಕ್ಕೆ ಬಂದಿರುತ್ತದೆ. ಅಲ್ಲಿಗೆ ಪುಡಿ ನಿಲ್ಲಿಸಿ ದ್ರವ ಕ್ಲೋರಿನ್‌ಗೆ ದಾಟುತ್ತೇನೆ. ಶೇ. 6ರ ದ್ರವ 60 ಮಿಲಿಲೀಟರ್ ಹಾಕಿದರೆ ನಮ್ಮ ಟಬ್ಬಿಗೆ 3 ಪಿಪಿಎಂ. ಸುವಾಸನೆ, ಸೋಪು, ಗಟ್ಟಿಯಾಗಿಸುವ ವಸ್ತು ಯಾವುದೂ ಇಲ್ಲದ ಸಾದಾ ದ್ರವವೇ ಆಗಬೇಕು. ಇಟ್ಟಷ್ಟೂ ಕಸುವು ಕಡಿಮೆಯಾಗುತ್ತದೆ, ಹಾಗಾಗಿ ಚಿಕ್ಕ ಕ್ಯಾನ್ ತರುತ್ತೇನೆ. ನೀರಿನಿಂದ ಹೊರಗೆ ಬಂದ ಕೂಡಲೇ ಹಾಕುತ್ತೇನೆ, ಜೆಟ್ ಓಡಿಸಿ ಮುಚ್ಚಳವನ್ನು ಇಪ್ಪತ್ತು ನಿಮಿಷ ತೆರೆದಿಡುತ್ತೇನೆ.

ಇದರಲ್ಲಿ ಮೊದಲು ಕಾಡಿದ್ದು ಪಿಎಚ್. ಎರಡೇ ದಿನಕ್ಕೆ 8 ಮುಟ್ಟುತ್ತಿತ್ತು. ದ್ರವ ಕ್ಲೋರಿನ್ ಮೇಲೆ ತಪ್ಪು ಹೊರಿಸಿದ್ದೆ. ಕಾರಣ ಬೇರೆ ಇತ್ತು. ಜೆಟ್‌ಗಳು ಗಾಳಿ ಬೆರೆಸಿದಷ್ಟೂ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಪಿಎಚ್ ಮೇಲೇರುತ್ತದೆ. ಒಟ್ಟು ಕ್ಷಾರತೆ, ಅಂದರೆ ನೀರು ಆಸಿಡ್ ತಾಳಿಕೊಳ್ಳುವ ಶಕ್ತಿ, ಜಾಸ್ತಿ ಇದ್ದಷ್ಟೂ ಈ ಏರಿಕೆ ಜೋರು. ನನ್ನದು 120 ಪಿಪಿಎಂ ಇತ್ತು. ಪಿಎಚ್ ಇಳಿಸುವ ಪುಡಿ, ಅಂದರೆ ಒಣ ಆಸಿಡ್, ಸ್ವಲ್ಪ ಸ್ವಲ್ಪವೇ ಹಾಕಿ, ಜೆಟ್ ಓಡಿಸಿ, ಮತ್ತೆ ಅಳೆದು, ನಾಲ್ಕು ದಿನದಲ್ಲಿ 60ಕ್ಕೆ ತಂದೆ. ಈಗ ಹತ್ತು ದಿನಕ್ಕೊಮ್ಮೆ ಒಂದಿಷ್ಟು ಆಸಿಡ್ ಸಾಕು. ಅತಿಯಾಗಿ ಇಳಿದರೆ ಅಡುಗೆ ಸೋಡಾ ಇದೆ, 20 ಗ್ರಾಂಗೆ 10 ಪಿಪಿಎಂ ಏರುತ್ತದೆ. ಆಸಿಡ್ ಮತ್ತು ದ್ರವ ಕ್ಲೋರಿನ್ ನಡುವೆ ಅರ್ಧ ಗಂಟೆ ಜೆಟ್ ಓಡಲೇಬೇಕು. ಎರಡೂ ನೇರವಾಗಿ ಸೇರಿದರೆ ವಿಷದ ಗಾಳಿ ಏಳುತ್ತದೆ.

ಐದರಲ್ಲಿ ಯಾವುದನ್ನು ಆರಿಸಿಕೊಂಡರೂ ಪಟ್ಟಿಗಳ ಬದಲು ಹನಿ ಲೆಕ್ಕದ ಪರೀಕ್ಷೆ ತಂದುಕೊಳ್ಳಿ. ಮೊಣಕೈ ಆಳದಿಂದ 10 ಮಿಲಿಲೀಟರ್ ನೀರು ತೆಗೆದು ಪುಡಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಒಂದೊಂದೇ ಹನಿ ಬಿಡುತ್ತಾ ಕುಲುಕಬೇಕು. ಬಣ್ಣ ಮಾಯವಾದ ಹನಿಗೆ ಲೆಕ್ಕ ನಿಲ್ಲಿಸಿ, ಹನಿಗೆ ಅರ್ಧ ಪಿಪಿಎಂನಂತೆ ಎಣಿಸಿ. ಎಂಟು ಹನಿ ಅಂದರೆ 4. ಬ್ರೋಮಿನ್ ಆದರೆ ಬಂದ ಉತ್ತರವನ್ನು 2.25ರಿಂದ ಗುಣಿಸಬೇಕು.

ಕಳೆದ ವರ್ಷ ನನ್ನ ತಂಗಿ ಟಬ್ ತಗೊಂಡಳು. ಕೆಲಸದ ಮೇಲೆ ವಾರಕ್ಕೆ ಮೂರು ದಿನ ಹೊರಗಿರುತ್ತಾಳೆ. 'ಅಣ್ಣ, ನೀನು ಹಾಕುವುದನ್ನೇ ಹಾಕಲಾ?' ಅಂತ ಕೇಳಿದಳು. ಬೇಡ ಅಂದೆ, ಬ್ರೋಮಿನ್ ಹಾಕಿಸಿದೆ. ತೇಲುವ ಡಬ್ಬಿಗೆ ದಾರ ಕಟ್ಟಿ ನಡುವೆ ನಿಲ್ಲುವ ಹಾಗೆ ಮಾಡಿಕೊಟ್ಟೆ. ಪ್ರತಿ ಸಲ ಊರಿಂದ ಬಂದಾಗ ಮೊದಲು ಅಳೆದು ನನಗೆ ಅಂಕಿ ಕಳಿಸುತ್ತಾಳೆ. ಮೊನ್ನೆ 4.5 ಬಂದಿತ್ತು.